ಕಷ್ಟಕಾಲದಲ್ಲಿಯೂ ಕುಂದದ ದಾನಚಿಂತಾಮಣಿ ಅತ್ತಿಮಬ್ಬೆ

ಕನ್ನಡ ನಾಡಿನ ಶ್ರಾವಿಕೆಯರಲ್ಲಿ ಪ್ರಾತಃಸ್ಮರಣೀಯಳಾದ ಅತ್ತಿಮಬ್ಬೆಯ ಹೆಸರನ್ನು ಅರಿಯದ ಜೈನರ ಮನೆ ವಿರಳ. ಆಕೆಯ ದಾನವನ್ನು ಎಲ್ಲರೂ ಕೊಂಡಾಡುತ್ತಾರೆ. ಆದರೆ ರನ್ನನಿಂದ ಪುರಾಣವನ್ನು ರಚಿಸಿಸಿದ್ದು, ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ್ದು ಇವೆರಡೂ ಆಕೆ ಪತಿಯನ್ನು ಕಳೆದುಕೊಂಡ ಬಳಿಕ ನಡೆದ ಕಾರ್ಯಗಳೆಂಬುದನ್ನು ನೆನೆಯುವವರು ಕಡಿಮೆ.

ಅತ್ತಿಮಬ್ಬೆಯು ವೆಂಗಿ ಮೂಲದ ಮನೆತನಕ್ಕೆ ಸೇರಿದ ದಂಡನಾಯಕ ಮಲ್ಲಪಯ್ಯನ ಮಗಳು. ಮಲ್ಲಪಯ್ಯನೂ ಅವನ ಸಹೋದರ ಪುನ್ನಮಯ್ಯನೂ ತಮ್ಮ ಗುರುಗಳಾದ ಜಿನಚಂದ್ರದೇವರ ಸ್ಮರಣೆಗಾಗಿ ಪೊನ್ನ ಕವಿಯಿಂದ ಶಾಂತಿಪುರಾಣವನ್ನು ಬರೆಯಿಸಿದವರು. ಅತ್ತಿಮಬ್ಬೆಯನ್ನೂ ಆಕೆಯ ತಂಗಿ ಗುಂಡಮಬ್ಬೆಯನ್ನೂ ಚಾಲುಕ್ಯ ಚಕ್ರವರ್ತಿ ತೈಲಪನ ಮಂತ್ರಿಯಾಗಿದ್ದ ದಲ್ಲಪನ ಮಗ ನಾಗದೇವನಿಗೆ ಕೊಟ್ಟು ವಿವಾಹ ಮಾಡಲಾಯಿತು. 973ರಲ್ಲಿ ರಾಷ್ಟ್ರಕೂಟರ ಆಳ್ವಿಕೆ ಕೊನೆಗೊಂಡು ಚಾಲುಕ್ಯರು ಮತ್ತೆ ತಲೆಯೆತ್ತಿದ, ಯುದ್ಧಗಳು ಬಿಡುವಿಲ್ಲದೆ ನಡೆಯುತ್ತಿದ್ದ ಕಾಲವದು.

ಶೂರನೆಂದು ಹೆಸರಾಗಿದ್ದ ನಾಗದೇವನು ಅಕಾಲದಲ್ಲಿ ಮರಣ ಹೊಂದಿದನು. ಗುಂಡಮಬ್ಬೆಯು ಪತಿಯೊಡನೆ ಸಹಗಮನ ಮಾಡಿದಳು. ಪತಿ, ಒಡಹುಟ್ಟಿದ ತಂಗಿ ಇಬ್ಬರೂ ಒಮ್ಮೆಗೇ ಇಲ್ಲವಾದ ಆ ಮನೆಯಲ್ಲಿ ಅತ್ತಿಮಬ್ಬೆಯು ಮಗ ಅಣ್ಣಿಗದೇವನೊಂದಿಗೆ ಉಳಿದಳು. ಚಿತೆಯನ್ನೇರಿದವಳನ್ನು ಲೋಕ ಹೊಗಳುತ್ತಿದ್ದ ಕಾಲದಲ್ಲಿ ಬದುಕಿ ಉಳಿಯಲು ಬೇಕಾದ ಧೈರ್ಯ ಸಾಮಾನ್ಯವಾದುದಲ್ಲ. ಆಕೆ ವ್ರತ ಉಪವಾಸಗಳಿಂದ ದೇಹವನ್ನು ದಂಡಿಸಿದಳೇ ಹೊರತು ಮನೆಯ ಮೂಲೆಯನ್ನು ಹಿಡಿಯಲಿಲ್ಲ. ಮಗನನ್ನು ಬೆಳೆಸಿದಳು, ಅವನೇ ಮುಂದೆ ಪಡೆವಳ ತೈಲನೆನಿಸಿ ಮಾಸವಾಡಿ 140ನ್ನು ಆಳಿದನು.

ತಂದೆ ಬರೆಯಿಸಿದ ಶಾಂತಿಪುರಾಣವು ಅಳಿದುಹೋಗಬಾರದೆಂದು ಆಕೆ ಅದರ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಅಚ್ಚುಕೂಟವಿರುವ ಕಾಲದವರಿಗೆ ಈ ಸಂಖ್ಯೆ ದೊಡ್ಡದೆನಿಸದಿರಬಹುದು. ತಾಳೆಗರಿಯನ್ನು ಹದಮಾಡಿ, ಒಂದೊಂದೇ ಅಕ್ಷರವನ್ನು ಕಂಟದಿಂದ ಕೊರೆದು, ಮಸಿ ತುಂಬಿ, ಒಂದು ಚಂಪೂಕಾವ್ಯವನ್ನು ಪೂರ್ತಿ ಇಳಿಸಬೇಕು. ಅದನ್ನು ಸಾವಿರ ಬಾರಿ ಮಾಡಿಸಬೇಕು. ಎಷ್ಟು ಮಂದಿ ಲೇಖಕರು, ಅವರಿಗೆ ಎಷ್ಟು ಕಾಲದ ಊಟ, ಎಷ್ಟು ಸಂಭಾವನೆ! ಲೆಕ್ಕಪತ್ರ ಬಲ್ಲವರಿಗೆ ಈ ಕಾರ್ಯದ ಭಾರ ತಿಳಿದೀತು. ಒಂದು ದಿನದ ಉತ್ಸಾಹದಿಂದ ಮುಗಿಯುವ ಕೆಲಸವಲ್ಲ. ಇದಲ್ಲದೆ ರತ್ನಖಚಿತವಾದ 1500 ಸುವರ್ಣ ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳು.

ಮುದುವೊಳಲಿನ ಬಳೆಗಾರ ಮನೆತನದಲ್ಲಿ ಹುಟ್ಟಿ, ಅಜಿತಸೇನಾಚಾರ್ಯರಲ್ಲಿ ಕಲಿತು, ಚಾವುಂಡರಾಯನ ಆಶ್ರಯವನ್ನು ಪಡೆದಿದ್ದ ರನ್ನನಿಗೆ ಅತ್ತಿಮಬ್ಬೆಯೂ ಆಶ್ರಯದಾತೆಯಾದಳು. ಆಕೆಯ ಪ್ರೇರಣೆಯಿಂದ 993ರಲ್ಲಿ ಅಜಿತಪುರಾಣವು ಪೂರ್ಣಗೊಂಡಿತು. ಕೃತಜ್ಞನಾದ ಕವಿಯು ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ವ್ಯಾಪಾರಿಯ ಮನೆಯ ಮಗುವಿಗೆ ಮಹಾಮಾತೆಯ ಹೆಸರು!

ಶ್ರವಣಬೆಳಗೊಳದ ಗೊಮ್ಮಟಸ್ವಾಮಿಯ ದರ್ಶನವಾಗುವವರೆಗೆ ಅನ್ನವನ್ನು ಮುಟ್ಟೆನೆಂಬ ವ್ರತದಿಂದ ಹೊರಟ ಆಕೆ ಬೆಟ್ಟವನ್ನೇರಿ ದಣಿದಾಗ ಅಕಾಲದಲ್ಲಿ ಮಳೆ ಸುರಿದು ಆಯಾಸವನ್ನು ಕಳೆಯಿತೆಂದು ಪ್ರತೀತಿ. ಉಕ್ಕಿ ಹರಿಯುತ್ತಿದ್ದ ಗೋದಾವರಿಯು ಆಕೆಗಾಗಿ ತಡೆದು ನಿಂತಿತೆಂದೂ ಹೇಳುವರು.

ಲೊಕ್ಕಿಗುಂಡಿ, ಎಂದರೆ ಇಂದಿನ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ, ಆಕೆ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು. ಅದರ ಶಾಸನವು 1007ರದು. ಆಗ ತೈಲಪನ ಮಗ ಇರಿವಬೆಡಂಗ ಸತ್ಯಾಶ್ರಯನು ಆಳುತ್ತಿದ್ದನು. ಅಜಿತಪುರಾಣ ಮುಗಿದು 14 ವರ್ಷಗಳು ಕಳೆದಿದ್ದರೂ ಆಕೆಯ ಕೈ ಬಿಡುವು ಕಂಡಿರಲಿಲ್ಲ. ಬಸದಿ ಕಟ್ಟಿಸಿ ಪೂಜೆಗೆ ದಾರಿಮಾಡದೆ ಬಿಡುವವರು ಎಲ್ಲ ಕಾಲದಲ್ಲಿಯೂ ಉಂಟು. ಅತ್ತಿಮಬ್ಬೆಯು ಹಾಗೆ ಮಾಡಲಿಲ್ಲ. ಬಸದಿಯ ನಿರ್ವಹಣೆಗೆಂದು ಗ್ರಾಮವೊಂದನ್ನು ದತ್ತಿಯಾಗಿ ಬಿಡಿಸಿ, ಅದನ್ನು ಸೂರಸ್ಥಗಣದ ಅರ್ಹಣಂದಿ ಪಂಡಿತರಿಗೆ ಒಪ್ಪಿಸಿದಳು. ಆ ಕಲ್ಲಿನ ಬಸದಿಯೂ ಅದರ ಶಾಸನವೂ ಇಂದಿಗೂ ಉಳಿದಿವೆ.