ಮುಟ್ಟಬೇಡಿ ಅಂದಿದ್ದರು, ಡೇಮಿಯನ್ ಮುಟ್ಟಿದರು

ಮೇ 10, 1873. ಹವಾಯಿಯ ಮೊಲೊಕಾಯಿ ದ್ವೀಪದ ಕಲಾವುಪಾಪಾ ತೀರಕ್ಕೆ ಒಂದು ಹಡಗು ಬಂತು. ಅದರಲ್ಲಿ ಕುಷ್ಠರೋಗಿಗಳಿದ್ದರು, ಒಬ್ಬ ಬಿಷಪ್ ಇದ್ದರು, ಜೊತೆಗೆ 33 ವರ್ಷದ ಒಬ್ಬ ಪಾದ್ರಿ. ನಾಲ್ವರು ಪಾದ್ರಿಗಳು ಸರದಿಯ ಮೇಲೆ ಕೆಲವು ತಿಂಗಳು ಇಲ್ಲಿದ್ದು ಹೋಗುವುದು ಅಂತ ಮಾತಾಗಿತ್ತು. ಮೊದಲ ಸರದಿ ಫಾದರ್ ಡೇಮಿಯನ್ ಅವರದ್ದು. ಎರಡನೆಯ ಸರದಿ ಬರಲೇ ಇಲ್ಲ. 16 ವರ್ಷದ ನಂತರ ಅವರು ಅಲ್ಲೇ ಸತ್ತರು, ಅದೇ ರೋಗದಿಂದ.

ಆ ಜಾಗ ಎಂಥದ್ದು ಅಂತ ಮೊದಲು ತಿಳಿಯಬೇಕು. ಮೂರು ಕಡೆ ಸಮುದ್ರ, ಇನ್ನೊಂದು ಕಡೆ ಗೋಡೆಯ ಹಾಗೆ ಎದ್ದು ನಿಂತ ಕಡಿದಾದ ಬೆಟ್ಟ. ಕಟ್ಟದೇ ಸಿಕ್ಕಿದ ಜೈಲು. ಹೊರಗಿನವರ ಹಡಗುಗಳ ಜೊತೆ ಹೊಸ ಹೊಸ ರೋಗಗಳು ಹವಾಯಿಗೆ ಬಂದು, ಮೂಲನಿವಾಸಿಗಳ ಸಂಖ್ಯೆ ಕುಸಿಯುತ್ತಿದ್ದ ಕಾಲ ಅದು. 1865ರಲ್ಲಿ ಐದನೇ ಕಮೇಹಮೇಹ ರಾಜನ ಸರ್ಕಾರ ಒಂದು ಕಾನೂನು ತಂತು. ಕುಷ್ಠ ಇದೆ ಅಂತ ಗೊತ್ತಾದವರನ್ನು ಹಿಡಿದು ಬೇರೆ ಇಡಬೇಕು. 1866ರ ಜನವರಿಯಲ್ಲಿ ಮೊದಲ ತಂಡವನ್ನು ಇಲ್ಲಿ ಇಳಿಸಿದರು. ಗಂಡ, ಹೆಂಡತಿ, ಮಗು, ಯಾರಾದರೂ ಸರಿ, ಮನೆಯಿಂದ ಕಿತ್ತು ತರುತ್ತಿದ್ದರು. ಹವಾಯಿ ಜನ ಈ ರೋಗಕ್ಕೆ ಇಟ್ಟ ಹೆಸರುಗಳಲ್ಲಿ ಒಂದರ ಅರ್ಥವೇ ‘ಬೇರ್ಪಡಿಸುವ ಕಾಯಿಲೆ’. ಆ ಕಾನೂನು ಕೊನೆಯಾಗಿದ್ದು 1969ರಲ್ಲಿ. ಅಷ್ಟರಲ್ಲಿ ಸುಮಾರು 8,000 ಮಂದಿ ಅಲ್ಲಿಗೆ ಹೋಗಿದ್ದರು. ಹೆಚ್ಚಿನವರು ಮೂಲನಿವಾಸಿಗಳೇ.

ಡೇಮಿಯನ್ ಹುಟ್ಟಿದ್ದು 1840ರ ಜನವರಿ 3ರಂದು, ಬೆಲ್ಜಿಯಂನ ಟ್ರೆಮೆಲೊ ಎಂಬ ಹಳ್ಳಿಯಲ್ಲಿ. ಹೆಸರು ಯೋಸೆಫ್ ದ ವ್ಯೂಸ್ಟರ್. ಅಪ್ಪ ಧಾನ್ಯದ ವ್ಯಾಪಾರಿ, ಮಗನೂ ಅದನ್ನೇ ಮುಂದುವರಿಸಲಿ ಅಂತ ಅವರ ಆಸೆ. ಆದರೆ ಹುಡುಗ ಅಣ್ಣನ ಹಿಂದೆಯೇ ಸನ್ಯಾಸಿ ಸಂಘ ಸೇರಿದ. ಹವಾಯಿಗೆ ಹೊರಡಬೇಕಿದ್ದವರು ನಿಜವಾಗಿ ಅಣ್ಣ ಪಾಂಫಿಲ್. ಅವರಿಗೆ ಕಾಯಿಲೆ ಬಿತ್ತು. ತಮ್ಮ ಸ್ಥಳೀಯ ಹಿರಿಯರನ್ನು ಕೇಳದೆ ನೇರವಾಗಿ ಪ್ಯಾರಿಸ್‌ನ ಮುಖ್ಯಸ್ಥರಿಗೆ ಕಾಗದ ಬರೆದು, ಆ ಸೀಟು ನನಗೆ ಕೊಡಿ ಅಂದುಬಿಟ್ಟ. ಮುಂದೆ ಜೀವನಪೂರ್ತಿ ಇದೇ ಸ್ವಭಾವ. ಅನಿಸಿದ್ದನ್ನು ಮಾಡುವುದು, ಮೇಲಿನವರ ಜೊತೆ ಜಗಳಕ್ಕೆ ಬೀಳುವುದು. 1864ರ ಮಾರ್ಚ್‌ನಲ್ಲಿ ಹೊನೊಲುಲು ತಲುಪಿ, ಮೇ ತಿಂಗಳಲ್ಲಿ ಪಾದ್ರಿಯಾಗಿ, ಒಂಬತ್ತು ವರ್ಷ ದೊಡ್ಡ ದ್ವೀಪದ ಹಳ್ಳಿಗಳಲ್ಲಿ ಕೆಲಸ ಮಾಡಿದರು. ಹವಾಯಿ ಭಾಷೆ ಕಲಿತರು, ಮರಗೆಲಸದಲ್ಲೂ ಪಳಗಿದ್ದರು.

ಮೊಲೊಕಾಯಿಗೆ ಬಂದಾಗ ಇರಲು ಮನೆ ಇಲ್ಲ. ಮೊದಲ ದಿನಗಳಲ್ಲಿ ಮಲಗಿದ್ದು ಕೇದಗೆ ಜಾತಿಯ ಒಂದು ಮರದ ಕೆಳಗೆ. ಅವರು ಕೈಹಾಕಿದ ಕೆಲಸಗಳ ಪಟ್ಟಿ ನೋಡಿದರೆ ಪಾದ್ರಿಗಿಂತ ಊರಿನ ಎಂಜಿನಿಯರ್ ಅನಿಸುತ್ತದೆ. ಬೆರಳಿಲ್ಲದ ಕೈಗಳಲ್ಲಿ ಜನ ದೂರದಿಂದ ನೀರು ಹೊರುತ್ತಿದ್ದರು. ಪೈಪ್ ತರಿಸಿ, ರೋಗಿಗಳ ಜೊತೆ ಸೇರಿ ಊರಿಗೆ ನೀರು ತಂದರು. 1874ರ ಬಿರುಗಾಳಿಗೆ ಗುಡಿಸಲುಗಳು ಹಾರಿಹೋದಾಗ ಮರದ ದಿಮ್ಮಿ ತರಿಸಿ ಮನೆ ಕಟ್ಟಿದರು. ಚರ್ಚ್ ವಿಸ್ತರಿಸಿದರು. ಗಾಯ ತೊಳೆದು ಪಟ್ಟಿ ಕಟ್ಟಿದರು. ಶವಪೆಟ್ಟಿಗೆ ಮಾಡಿ, ಗುಂಡಿಯನ್ನೂ ತೋಡಿದರು. ಮೊದಲು ಶವಕ್ಕೆ ಸರಿಯಾದ ಗುಂಡಿಯೂ ಸಿಗುತ್ತಿರಲಿಲ್ಲ.

ರೋಗಿಗಳನ್ನು ಮುಟ್ಟಬೇಡಿ ಅಂತ ಎಚ್ಚರಿಕೆ ಕೊಟ್ಟೇ ಕಳಿಸಿದ್ದರು. ಡೇಮಿಯನ್ ಪಾಲಿಸಲಿಲ್ಲ. ಒಂದೇ ಬಟ್ಟಲಿಗೆ ಕೈಹಾಕಿ ಪೊಯಿ ತಿಂದರು, ತಮ್ಮ ಹೊಗೆಕೊಳವೆ ಹಂಚಿಕೊಂಡರು. ಅದೇ 1873ರಲ್ಲಿ ನಾರ್ವೆಯ ವೈದ್ಯ ಹ್ಯಾನ್ಸೆನ್ ಕುಷ್ಠದ ರೋಗಾಣು ಕಂಡುಹಿಡಿದರು. ಔಷಧ ಬರಲು ಇನ್ನೂ ಏಳು ದಶಕ ಬಾಕಿ. 1884ರ ಡಿಸೆಂಬರ್‌ನಲ್ಲಿ ಡೇಮಿಯನ್ ಕಾಲನ್ನು ಬಿಸಿನೀರಲ್ಲಿ ಇಟ್ಟರು. ಚರ್ಮ ಸುಟ್ಟಿತು, ನೋವು ಗೊತ್ತಾಗಲಿಲ್ಲ. ಅಲ್ಲಿಗೆ ಅರ್ಥವಾಯಿತು. 1889ರ ಏಪ್ರಿಲ್ 15ರಂದು ತೀರಿಕೊಂಡರು. ವಯಸ್ಸು 49. ಆ ಕೇದಗೆ ಮರದ ಕೆಳಗೇ ಮಣ್ಣು ಮಾಡಿದರು.

ಇದನ್ನು ಸಾಹಸ ಅನ್ನಬೇಕೋ, ಅಜಾಗರೂಕತೆ ಅನ್ನಬೇಕೋ? 1888ರಲ್ಲಿ ಅಲ್ಲಿಗೆ ಬಂದ ಸಿಸ್ಟರ್ ಮರಿಯಾನ್ ಕೋಪ್ ಕೈತೊಳೆಯುವ ಶಿಸ್ತು ಬಿಡದೆ, ರೋಗ ತಗುಲದೆ, 1918ರಲ್ಲಿ ಸಾಯುವವರೆಗೆ ಅಲ್ಲೇ ಸೇವೆ ಮಾಡಿದರು. ಹಾಗಾಗಿ ಸೇವೆಗೆ ಸೋಂಕು ಅನಿವಾರ್ಯವಾಗಿರಲಿಲ್ಲ. ಆದರೆ 1873ರಲ್ಲಿ ಅಲ್ಲಿನವರಿಗೆ ಔಷಧದಷ್ಟೇ ಇನ್ನೊಂದೂ ಬೇಕಿತ್ತು. ನಮ್ಮನ್ನು ಮನುಷ್ಯರ ಹಾಗೆ ಮುಟ್ಟುವವರೊಬ್ಬರು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಬಿಳಿಯ ಪಾದ್ರಿ ಬಂದು ಎಲ್ಲರನ್ನೂ ಉದ್ಧಾರ ಮಾಡಿದ ಅನ್ನುವ ಕಥೆ ಅರ್ಧಸತ್ಯ. ರೋಗವಿಲ್ಲದಿದ್ದರೂ ಹೆಂಡತಿ, ಗಂಡ, ಮಕ್ಕಳ ಜೊತೆ ತಾವಾಗಿಯೇ ಹೋದ ಹವಾಯಿ ಜನರಿದ್ದರು. ಅವರನ್ನು ‘ಕೊಕುವಾ’, ಅಂದರೆ ನೆರವಾಗುವವರು, ಅಂತ ಕರೆಯುತ್ತಿದ್ದರು. ಜೊನಾಥನ್ ನಪೇಲಾ ಅಂಥವರೊಬ್ಬರು. ಮಾರ್ಮನ್ ಪಂಥದ ಈ ಹವಾಯಿ ಮುಖಂಡ 1873ರಲ್ಲೇ ಹೆಂಡತಿಯ ಜೊತೆ ಬಂದರು, ಡೇಮಿಯನ್‌ಗೆ ಗೆಳೆಯರಾದರು, ರೋಗ ತಗುಲಿ 1879ರಲ್ಲಿ ಸತ್ತರು. ಡೇಮಿಯನ್ ಹೆಸರು ಜಗತ್ತಿಗೆ ಗೊತ್ತು, ನಪೇಲಾ ಹೆಸರು ಎಷ್ಟು ಜನಕ್ಕೆ ಗೊತ್ತು?

ಸತ್ತ ಮೇಲೂ ಡೇಮಿಯನ್‌ರನ್ನು ಬಿಡಲಿಲ್ಲ. ಹೊನೊಲುಲುವಿನ ಪ್ರೊಟೆಸ್ಟೆಂಟ್ ಪಾದ್ರಿ ಚಾರ್ಲ್ಸ್ ಹೈಡ್, ಅವರು ಕೊಳಕರು, ಹಟಮಾರಿ, ನಡತೆಗೆಟ್ಟವರು ಅಂತೆಲ್ಲ ಪತ್ರ ಬರೆದರು. ‘ಟ್ರೆಷರ್ ಐಲ್ಯಾಂಡ್’ ಬರೆದ ಸ್ಟೀವನ್ಸನ್ ಹುಟ್ಟಿನಿಂದ ಪ್ರೊಟೆಸ್ಟೆಂಟ್ ಆಗಿದ್ದರೂ, ಮೊಲೊಕಾಯಿಗೆ ಹೋಗಿ ಜನರನ್ನು ಮಾತಾಡಿಸಿ ಬಂದಿದ್ದರು. 1890ರಲ್ಲಿ ಬಹಿರಂಗ ಪತ್ರ ಬರೆದು ಹೈಡ್‌ಗೆ ಚಾಟಿ ಬೀಸಿದರು. ಡೇಮಿಯನ್‌ರ ದೋಷಗಳನ್ನು ಅವರು ಮುಚ್ಚಿಡಲಿಲ್ಲ. ಒರಟುತನ, ಹಟ ಎಲ್ಲ ಇತ್ತು ಅಂತಲೇ ಒಪ್ಪಿದರು. ಆದರೆ ಹಾಯಾದ ಮನೆಯಲ್ಲಿ ಕೂತವರಿಗೆ ಅಲ್ಲಿಗೆ ಹೋದವರನ್ನು ಅಳೆಯುವ ಹಕ್ಕು ಎಲ್ಲಿಂದ ಬಂತು ಅನ್ನುವುದು ಅವರ ವಾದ.

ನಮಗೆ ಇದು ಹಳೇ ಕಥೆಯೇನಲ್ಲ. ಬ್ರಿಟಿಷರ 1898ರ ಕುಷ್ಠರೋಗಿಗಳ ಕಾಯ್ದೆಯನ್ನು ಭಾರತ ರದ್ದು ಮಾಡಿದ್ದು 2016ರಲ್ಲಿ. ಕುಷ್ಠವನ್ನು ವಿಚ್ಛೇದನದ ಕಾರಣಗಳ ಪಟ್ಟಿಯಿಂದ ತೆಗೆದಿದ್ದು 2019ರಲ್ಲಿ. ಜಗತ್ತಿನಲ್ಲಿ ಪ್ರತಿ ವರ್ಷ ಪತ್ತೆಯಾಗುವ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮವರೇ. ಮಾತ್ರೆ ಉಚಿತ, ಆರು ತಿಂಗಳು ಅಥವಾ ವರ್ಷದಲ್ಲಿ ಗುಣ. ಆದರೂ ಮಚ್ಚೆ ಕಂಡವರು ಆಸ್ಪತ್ರೆಗೆ ಹೋಗಲು ಹೆದರುತ್ತಾರೆ. ರೋಗಕ್ಕಿಂತ ಜನ ದೂರ ಇಡ್ತಾರೆ ಅನ್ನೋ ಭಯ ದೊಡ್ಡದು. ತಡವಾದಷ್ಟೂ ಬೆರಳುಗಳು ಹೋಗುತ್ತವೆ.

1936ರಲ್ಲಿ ಬೆಲ್ಜಿಯಂ ಡೇಮಿಯನ್‌ರ ದೇಹವನ್ನು ಮೊಲೊಕಾಯಿಯ ಮಣ್ಣಿನಿಂದ ತೆಗೆದು ತನ್ನ ನಾಡಿಗೆ ಒಯ್ದಿತು. 2009ರಲ್ಲಿ ಪೋಪ್ ಅವರನ್ನು ಸಂತ ಅಂತ ಘೋಷಿಸಿದರು. ಅದಕ್ಕೂ ಮೊದಲು, 1995ರಲ್ಲಿ, ಅವರ ದೇಹದ ಒಂದು ಭಾಗ ಮಾತ್ರ ಹವಾಯಿಗೆ ವಾಪಸ್ ಬಂದು, ಹಳೆಯ ಗುಂಡಿಯಲ್ಲೇ ಮಣ್ಣಾಯಿತು. ಅದು ಅವರ ಬಲಗೈ.