ಊರು ಬಿಡದ ಗಿಲ್ಬರ್ಟ್ ವೈಟ್

ಪ್ರಾಣಿಶಾಸ್ತ್ರ ಓದಿದವರಿಗೆ ಗಿಲ್ಬರ್ಟ್ ವೈಟ್ ಹೆಸರು ಗೊತ್ತಿರುತ್ತದೆ. ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನ ಸೆಲ್ಬೋರ್ನ್ ಎಂಬ ಹಳ್ಳಿಯಲ್ಲಿ 1720ರಲ್ಲಿ ಹುಟ್ಟಿ, 1793ರಲ್ಲಿ ಅಲ್ಲೇ ತೀರಿಕೊಂಡ ಪಾದ್ರಿ. ಹಕ್ಕಿ ನೋಡುವವರೆಲ್ಲರ ಮುತ್ತಜ್ಜ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಾ, ನಡುನಡುವೆ ಅವನ ಬಗ್ಗೆಯೂ ಓದುತ್ತಿದ್ದ ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು ಮಾತ್ರ ಹಕ್ಕಿಗಳಲ್ಲ, ಅವನಿಗೆ ಸಿಗದ ಕೆಲಸ.

ಆಕ್ಸ್‌ಫರ್ಡಿನ ಓರಿಯಲ್ ಕಾಲೇಜಿನಲ್ಲಿ ಓದಿ ಅಲ್ಲಿಯೇ ಫೆಲೋ ಆದವನು ವೈಟ್. 1757ರಲ್ಲಿ ಕಾಲೇಜಿನ ಮುಖ್ಯಸ್ಥನ ಸ್ಥಾನಕ್ಕೆ ನಿಂತು ಸೋತ. ಅಜ್ಜ ಪಾದ್ರಿಯಾಗಿದ್ದ ಹುಟ್ಟೂರಿನ ಚರ್ಚ್ ಕೂಡ ಅವನಿಗೆ ದಕ್ಕುವಂತಿರಲಿಲ್ಲ. ಆ ಹುದ್ದೆ ತುಂಬುವ ಹಕ್ಕು ಮ್ಯಾಗ್ಡಲೆನ್ ಕಾಲೇಜಿನದು, ಇವನು ಓರಿಯಲ್‌ನವನು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಅರ್ಜಿ ಹಾಕುವ ಅರ್ಹತೆಯೇ ಇಲ್ಲ! ಅಲ್ಲಿ ಸಹಾಯಕ ಪಾದ್ರಿಯ ಕೆಲಸವಷ್ಟೇ ಸಿಕ್ಕಿತು. ಹಾಗಂತ ಹೊಟ್ಟೆಗಿಲ್ಲದ ಬಡವನಲ್ಲ, ಫೆಲೋಶಿಪ್ಪಿನ ಹಣ ಬರುತ್ತಿತ್ತು. ಅದಕ್ಕಾಗಿ ಮದುವೆಯಿಲ್ಲದೆ ಉಳಿಯಬೇಕಿತ್ತು, ಉಳಿದ.

ಉಳಿದವನು ಹಿತ್ತಲು ನೋಡತೊಡಗಿದ. 1751ರಿಂದ ತೋಟದ ದಿನಚರಿ, 1768ರಿಂದ ಸಾಯುವವರೆಗೆ ಹವೆ, ಹೂವು, ಹಕ್ಕಿ, ಹುಳುಗಳ ದಿನಚರಿ. ಎಲೆಗಳ ನಡುವೆ ಓಡಾಡುವ, ನೋಡಲು ಒಂದೇ ಥರದ ಪುಟ್ಟ ಉಲಿಯಕ್ಕಿಗಳು ನಿಜಕ್ಕೂ ಮೂರು ಬೇರೆ ಬೇರೆ ಜಾತಿ ಎಂದು ತಿಳಿದದ್ದು ಅವುಗಳ ಹಾಡು ಕೇಳಿ. ಇಂದು ಅವನ್ನು ಚಿಫ್‌ಚಾಫ್, ವಿಲೋ ವಾರ್ಬ್ಲರ್, ವುಡ್ ವಾರ್ಬ್ಲರ್ ಎನ್ನುತ್ತಾರೆ. ಹಕ್ಕಿಯನ್ನು ಹೊಡೆದು ಕೈಯಲ್ಲಿ ಹಿಡಿದು ಅಧ್ಯಯನ ಮಾಡುತ್ತಿದ್ದ ಕಾಲದಲ್ಲಿ ಕಿವಿಯನ್ನು ಇಷ್ಟು ನಂಬಿದ್ದು ನನಗೆ ದೊಡ್ಡದೆನಿಸುತ್ತದೆ. ಊರಿನ ಬಾನಾಡಿಗಳನ್ನು ಎಣಿಸಿದ: ಎಂಟು ಜೋಡಿ. ಮರುವರ್ಷವೂ ಅಷ್ಟೇ. ಮರಿಗಳು ಹುಟ್ಟುತ್ತಲೇ ಇರುವಾಗ ಹೆಚ್ಚಿದವೆಲ್ಲ ಎಲ್ಲಿಗೆ ಹೋಗುತ್ತವೆ ಎಂದು ತಲೆ ಕೆಡಿಸಿಕೊಂಡ. ಸೋದರತ್ತೆಯ ಮನೆಯಿಂದ 1780ರಲ್ಲಿ ಬಂದ ಆಮೆಯನ್ನು ತೂಗಿ ಬರೆದಿಟ್ಟ. ತಿಮೋತಿ ಎಂಬ ಗಂಡು ಹೆಸರಿನ ಆ ಆಮೆ ಹೆಣ್ಣು ಎಂದು ಗೊತ್ತಾದದ್ದು ಇಬ್ಬರೂ ಸತ್ತ ಮೇಲೆ.

ಅವನನ್ನು ಕೊನೆಯವರೆಗೂ ಕಾಡಿದ್ದು ಅಂಬರಗುಬ್ಬಿ. ಚಳಿಗಾಲದಲ್ಲಿ ನಮ್ಮೂರ ಕರೆಂಟು ತಂತಿಯ ಮೇಲೆ ಸಾಲಾಗಿ ಕೂರುತ್ತವಲ್ಲ, ಅದೇ ಜಾತಿ. ಸೆಲ್ಬೋರ್ನಿನಲ್ಲಿ ಅವು ಚಳಿಗಾಲಕ್ಕೆ ಮಾಯವಾಗುತ್ತಿದ್ದವು. ವಲಸೆ ಹೋಗುತ್ತವೋ, ಎಲ್ಲೋ ಅಡಗಿ ಮಲಗುತ್ತವೋ? ಜಿಬ್ರಾಲ್ಟರ್‌ನಲ್ಲಿದ್ದ ತಮ್ಮ ಜಾನ್, ಅವು ಕಡಲು ದಾಟುವುದನ್ನು ಕಂಡು ಕಾಗದ ಬರೆದ. ಆದರೂ ಕೆಲವಾದರೂ ಇಲ್ಲೇ ಮಲಗಿರಬಹುದು ಎಂಬ ಗುಮಾನಿ ವೈಟ್‌ನನ್ನು ಬಿಡಲಿಲ್ಲ. ಪೊದೆ, ಬಿಲಗಳನ್ನೆಲ್ಲ ಹುಡುಕಿಸಿದ. ಸಿಗಲಿಲ್ಲ, ಸಿಗಲಿಲ್ಲವೆಂದೇ ಬರೆದ.

ಗೆಳೆಯರಿಗೆ ಬರೆದ ಈ ಕಾಗದಗಳೇ ಸೇರಿ 1789ರಲ್ಲಿ ಸೆಲ್ಬೋರ್ನಿನ ನಿಸರ್ಗ ಚರಿತ್ರೆಯಾಗಿ ಅಚ್ಚಾದವು. ಆಗ ಲೇಖಕನ ವಯಸ್ಸು 68. ಅಂದಿನಿಂದ ಇಂದಿನವರೆಗೆ ಆ ಪುಸ್ತಕ ಅಚ್ಚಾಗುತ್ತಲೇ ಇದೆ. ಹುಡುಗ ಡಾರ್ವಿನ್ ಅದನ್ನು ಓದಿ ಹಕ್ಕಿ ನೋಡಲು ಹೊರಟಿದ್ದ.

ಊರ ಚರ್ಚಿನ ಅಂಗಳದಲ್ಲಿರುವ ಅವನ ಸಮಾಧಿಯ ಪುಟ್ಟ ಕಲ್ಲಿನಲ್ಲಿ ಪೂರ್ತಿ ಹೆಸರೂ ಇಲ್ಲ. ಜಿ.ಡಬ್ಲ್ಯು. ಎಂಬ ಎರಡಕ್ಷರ, ಕೆಳಗೆ 1793ರ ಜೂನ್ 26.