ಪಠ್ಯದಾಚೆಯ ಪಾಠ: ಡಾ. ಶಿವರಾಮ ಕಾರಂತರ ವಿಜ್ಞಾನಸೇವೆ

ನೇತ್ರಾವತಿಯೂ ಕುಮಾರಧಾರೆಯೂ ಉಪ್ಪಿನಂಗಡಿಯಲ್ಲಿ ಕೂಡುವ ಸೀಮೆ, ಪಯಸ್ವಿನಿ ಹರಿಯುವ ಸುಳ್ಯ, ಕುಮಾರಪರ್ವತದ ನೆರಳಿನ ಸುಬ್ರಹ್ಮಣ್ಯ, ನಡುವೆ ಪುತ್ತೂರು. ಇಂದು ಪುತ್ತೂರು, ಸುಳ್ಯ, ಕಡಬ ಎಂದು ಮೂರು ತಾಲ್ಲೂಕುಗಳಾಗಿ ಹಂಚಿಹೋಗಿರುವ ಈ ಮಲೆಯ ಸೆರಗು ಕನ್ನಡ ನಾಡಿಗೆ ಅಡಿಕೆಯನ್ನೂ ಕಾಳುಮೆಣಸನ್ನೂ ಕೊಟ್ಟುದು ಎಲ್ಲರಿಗೂ ತಿಳಿದಿದೆ. ಕನ್ನಡದ ಮಕ್ಕಳಿಗೆ ಅವರ ಮೊದಲ ವಿಶ್ವಕೋಶವನ್ನು ಕೊಟ್ಟ ಊರೂ ಪುತ್ತೂರೇ ಎಂಬುದು ಅಷ್ಟಾಗಿ ನೆನಪಿನಲ್ಲಿ ಉಳಿದಂತಿಲ್ಲ. ಆ ಕಾರ್ಯವನ್ನು ಕೈಗೊಂಡವರು ಕಾಲೇಜನ್ನು ನಡುವಿನಲ್ಲೇ ತೊರೆದ, ವಿಜ್ಞಾನದಲ್ಲಿ ಯಾವ ಪದವಿಯನ್ನೂ ಪಡೆಯದ ಕೋಟ ಶಿವರಾಮ ಕಾರಂತರು.

ಕಾರಂತರ ಜನನವಾದುದು 1902ರ ಅಕ್ಟೋಬರ್ 10ರಂದು, ಉಡುಪಿಯ ಬಳಿಯ ಕೋಟದಲ್ಲಿ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮನವರು. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಓದುತ್ತಿದ್ದಾಗ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆ ಬಂದಿತು. ತರುಣ ಕಾರಂತರು ಓದಿಗೆ ಶರಣು ಹೊಡೆದು ಖಾದಿ ಪ್ರಚಾರಕ್ಕೆ ಇಳಿದರು. ಕೆಲವು ವರ್ಷಗಳಲ್ಲಿ ಆ ಉತ್ಸಾಹವೂ ಬೇರೆ ದಾರಿ ಹಿಡಿಯಿತು. ‘ವಸಂತ’ ಎಂಬ ಪತ್ರಿಕೆಯನ್ನು ನಡೆಸಿದರು, ನಾಟಕ ಆಡಿಸಿದರು, ಮೂಕಿಚಿತ್ರಗಳನ್ನು ತಯಾರಿಸಿದರು, ಕೈಸುಟ್ಟುಕೊಂಡರು. ಆ ಬಳಿಕ ನೆಲೆ ನಿಂತುದು ಪುತ್ತೂರಿನಲ್ಲಿ. ಸಹಕಾರ ಚಳವಳಿಯ ಹಿರಿಯರಾದ ಮೊಳಹಳ್ಳಿ ಶಿವರಾಯರ ಒಡನಾಟ ಅಲ್ಲಿ ಅವರಿಗೆ ದೊರೆಯಿತು; ದಸರೆಯ ನಾಡಹಬ್ಬಗಳು ನಡೆದವು; ಪರ್ಲಡ್ಕದ ಗುಡ್ಡದ ಮೇಲೆ ಬಾಲವನ ಎದ್ದಿತು. ಸುಮಾರು ನಾಲ್ಕು ದಶಕಗಳ ಕಾಲ ಅವರ ಬರಹದ ಬಹುಪಾಲು ರೂಪುಗೊಂಡುದು ಆ ಗುಡ್ಡದ ಮೇಲೆಯೇ.

ಅವರ ಕಾದಂಬರಿಗಳ ವಿಚಾರ ಇಲ್ಲಿ ಹೆಚ್ಚು ಬೇಕಿಲ್ಲ. ‘ಚೋಮನ ದುಡಿ’ಯನ್ನೂ ‘ಮರಳಿ ಮಣ್ಣಿಗೆ’ಯನ್ನೂ ಓದದ ಕನ್ನಡ ಅಧ್ಯಾಪಕರು ವಿರಳ. ಸುಬ್ರಹ್ಮಣ್ಯದ ಸುತ್ತಲಿನ ಕಾಡುಮಲೆಗಳ ಬದುಕನ್ನು ‘ಬೆಟ್ಟದ ಜೀವ’ 1943ರಲ್ಲಿಯೇ ಚಿತ್ರಿಸಿತು. ‘ಮೂಕಜ್ಜಿಯ ಕನಸುಗಳು’ ಕೃತಿಗೆ ಜ್ಞಾನಪೀಠ ಸಂದಿತು. ಯಕ್ಷಗಾನಕ್ಕೆ ಅವರು ಮಾಡಿದ ಸೇವೆಯೇ ಒಂದು ಪ್ರತ್ಯೇಕ ಗ್ರಂಥಕ್ಕೆ ವಸ್ತು. ಇವೆಲ್ಲದರ ಪ್ರಭೆಯಲ್ಲಿ ಮರೆಗೆ ಸರಿದಿರುವುದು ಅವರ ವಿಜ್ಞಾನ ಬರವಣಿಗೆ. ಶಾಲೆಗಳ ದೃಷ್ಟಿಯಿಂದ ನೋಡಿದರೆ ಅದೇ ಮೊದಲು ನೆನೆಯಬೇಕಾದುದು.

‘ಬಾಲಪ್ರಪಂಚ’ ಮೂರು ಸಂಪುಟಗಳಲ್ಲಿ 1936ರಿಂದ ಹೊರಬಂದಿತು. ಲೀಲಾ ಆಳ್ವ ಅವರೊಡನೆ ಕಾರಂತರ ವಿವಾಹವಾದುದೂ ಅದೇ ವರ್ಷ. ಜಾತಿಯ ಗಡಿ ಮೀರಿದ ಆ ಮದುವೆ ಆ ಕಾಲಕ್ಕೆ ಸಣ್ಣ ಸಂಗತಿಯಾಗಿರಲಿಲ್ಲ. ಇಂಗ್ಲಿಷ್ ಮಕ್ಕಳಿಗೆ ಆರ್ಥರ್ ಮೀ ಸಂಪಾದಿಸಿದ ವಿಶ್ವಕೋಶ 1908ರಿಂದಲೇ ದೊರೆಯುತ್ತಿತ್ತು. ಅದರ ಹಿಂದೆ ಲಂಡನ್ನಿನ ಪ್ರಕಾಶನ ಸಂಸ್ಥೆಯ ಬಂಡವಾಳವೂ ಲೇಖಕರ ಪಡೆಯೂ ಇದ್ದವು. ಕನ್ನಡದಲ್ಲಿ ಅಂತಹುದಕ್ಕೆ ಇದ್ದ ಪೂರ್ವಪೀಠಿಕೆ ಅತ್ಯಲ್ಪ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ 1918ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ‘ವಿಜ್ಞಾನ’ ಮಾಸಪತ್ರಿಕೆ ಎರಡು ವರ್ಷಗಳ ಆಸುಪಾಸಿನಲ್ಲಿ ನಿಂತುಹೋಗಿತ್ತು. ಪಾರಿಭಾಷಿಕ ಪದಗಳು ಅಣಿಯಾಗಿರಲಿಲ್ಲ. ವಿಜ್ಞಾನದ ಉನ್ನತ ಪಾಠವೆಲ್ಲ ಇಂಗ್ಲಿಷಿನಲ್ಲಿ. ಇಂತಹ ಸ್ಥಿತಿಯಲ್ಲಿ ಒಬ್ಬನೇ ವ್ಯಕ್ತಿ, ಕಾಲೇಜೇ ಇಲ್ಲದ ಪುಟ್ಟ ಊರಿನಲ್ಲಿ ಕುಳಿತು, ಪ್ರಪಂಚವನ್ನೆಲ್ಲ ಮಕ್ಕಳ ಕನ್ನಡಕ್ಕೆ ತರಲು ಹೊರಟುದು ಸಾಹಸವೆನ್ನಬೇಕೋ ಹುಚ್ಚೆನ್ನಬೇಕೋ ತಿಳಿಯದು. ತಮ್ಮ ಆತ್ಮಕಥೆಗೆ ಅವರು ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂಬ ಹೆಸರನ್ನು ಆರಿಸಿಕೊಂಡುದು ಅಕಾರಣವಲ್ಲ. 1941ರಲ್ಲಿ ಅವರ ‘ಸಿರಿಗನ್ನಡ ಅರ್ಥಕೋಶ’ವೂ ಬಂದಿತು.

ಪುತ್ತೂರಿಗೆ ಮೊದಲ ಕಾಲೇಜು ಬಂದುದು 1958ರಲ್ಲಿ, ಸಂತ ಫಿಲೋಮಿನಾ ಕಾಲೇಜಿನ ರೂಪದಲ್ಲಿ. ವಿವೇಕಾನಂದ ಕಾಲೇಜು 1965ರಲ್ಲಿ, ಸುಳ್ಯದ ನೆಹರೂ ಸ್ಮಾರಕ ಕಾಲೇಜು 1976ರಲ್ಲಿ ಸ್ಥಾಪನೆಯಾದವು. ಮೊದಲ ಕಾಲೇಜಿನ ಬಾಗಿಲು ತೆರೆದ ಮರುವರ್ಷವೇ, 1959ರಲ್ಲಿ, ಕಾರಂತರ ‘ವಿಜ್ಞಾನ ಪ್ರಪಂಚ’ದ ಪ್ರಕಟಣೆ ಆರಂಭವಾಗಿ 1964ರ ವೇಳೆಗೆ ನಾಲ್ಕು ಸಂಪುಟಗಳು ಪೂರ್ಣಗೊಂಡವು. ಮಕ್ಕಳಿಗಾಗಿ ಬರೆದ ಲೇಖನಿ ಈಗ ಬೆಳೆದವರಿಗಾಗಿ ಬರೆಯಿತು. ಕಡಲಿನ ಕುರಿತ ರೇಚೆಲ್ ಕಾರ್ಸನ್‌ರ ಪ್ರಸಿದ್ಧ ಗ್ರಂಥವನ್ನೂ ಅವರು ಕನ್ನಡಕ್ಕೆ ತಂದರು. ಅವರ ಮಗ ಉಲ್ಲಾಸ ಕಾರಂತರು ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದಿ, ಮುಂದೆ ಹುಲಿಗಳ ಅಧ್ಯಯನದಲ್ಲಿ ಲೋಕಮಾನ್ಯರಾದುದರಲ್ಲಿ ಬಾಲವನದ ಪರಿಸರದ ಪಾಲು ಎಷ್ಟೆಂಬುದನ್ನು ಓದುಗರೇ ಊಹಿಸಬಹುದು.

ಈ ಸಂಪುಟಗಳನ್ನು ಪೂಜಾಭಾವದಿಂದ ನೋಡಬೇಕಾಗಿಲ್ಲ. ಮನುಷ್ಯ ಚಂದ್ರನ ಮೇಲೆ ಕಾಲಿಡುವ ಐದು ವರ್ಷ ಮೊದಲೇ ಮುಗಿದ ಗ್ರಂಥವದು; ಅದರ ಎಷ್ಟೋ ಸಂಗತಿಗಳು ಹಳತಾಗಿವೆ. ಒಬ್ಬನೇ ಲೇಖಕ ಎಲ್ಲ ಶಾಸ್ತ್ರಗಳನ್ನೂ ಮುಟ್ಟಿದಾಗ ಆಳ ಎಲ್ಲೆಡೆ ಸಮನಾಗಿರಲಾರದು. ಆದರೆ ಅವುಗಳಿಗೆ ಒಂದು ವಿಶೇಷ ಗುಣವಿದೆ. ಯಾವ ಪರೀಕ್ಷೆಯೂ ಅವುಗಳ ಬೆನ್ನ ಹಿಂದೆ ನಿಂತಿರಲಿಲ್ಲ. ಇದು ಅಂಕಕ್ಕೆ ಬರುತ್ತದೆಯೇ ಎಂಬ ಪ್ರಶ್ನೆಗೆ ಅಲ್ಲಿ ಎಡೆಯೇ ಇರಲಿಲ್ಲ.

ಆ ಪ್ರಶ್ನೆ ಇಂದು ಪದವಿಪೂರ್ವ ತರಗತಿಗಳನ್ನು ಆಳುತ್ತಿರುವುದರಿಂದಲೇ ಕಾರಂತರನ್ನು ಈ ಬಗೆಯಲ್ಲಿ ನೆನೆಯಬೇಕಾಗಿದೆ. ಕರ್ನಾಟಕದ ಪದವಿಪೂರ್ವ ವಿಜ್ಞಾನ ತರಗತಿಗಳಿಗೆ 2012-13ರಿಂದ ರಾಷ್ಟ್ರೀಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಮಂಡಳಿಯ ಪಠ್ಯಕ್ರಮ ಬಂದಿತು. ಕೋವಿಡ್ ಪಿಡುಗಿನ ಬಳಿಕ, ವಿದ್ಯಾರ್ಥಿಗಳ ಹೊರೆ ಇಳಿಸುವುದಕ್ಕೆಂದೂ ಬೇರೆ ತರಗತಿಗಳಲ್ಲಿರುವುದು ಮತ್ತೆ ಬರಬಾರದೆಂದೂ ಮಂಡಳಿ 2022ರಲ್ಲಿ ಹಲವು ಭಾಗಗಳನ್ನು ಕೈಬಿಟ್ಟಿತು. ಭೌತಶಾಸ್ತ್ರದಲ್ಲಿ ಹನ್ನೊಂದನೆಯ ತರಗತಿಯ ಮೊದಲ ಅಧ್ಯಾಯವಾದ ‘ಭೌತ ಜಗತ್ತು’ ಹೋಯಿತು. ಭೌತಶಾಸ್ತ್ರವೆಂದರೇನು, ಅದಕ್ಕೂ ಸಮಾಜಕ್ಕೂ ಏನು ನಂಟು ಎಂದು ಹೇಳುತ್ತಿದ್ದ ಅಧ್ಯಾಯವದು. ಹನ್ನೆರಡನೆಯ ತರಗತಿಯಿಂದ ಸಂವಹನ ವ್ಯವಸ್ಥೆಗಳ ಅಧ್ಯಾಯ, ಭೂಕಾಂತತ್ವ, ಪೊಟೆನ್ಷಿಯೋಮೀಟರು, ಸೈಕ್ಲೋಟ್ರಾನ್, ದೂರದರ್ಶಕಗಳ ವಿಭೇದನ ಸಾಮರ್ಥ್ಯ, ಕಾಮನಬಿಲ್ಲು ಮತ್ತು ಬಾನಿನ ಬಣ್ಣ, ವಿಕಿರಣಪಟುತ್ವದ ಕ್ಷಯನಿಯಮ, ಪರಮಾಣು ಸ್ಥಾವರ ಇವು ಹೊರಬಿದ್ದವು.

ಹೊರೆ ಇಳಿಸಬಾರದೆಂದು ಯಾರೂ ಹೇಳಲಾರರು. ಕಡಬದ ಒಳನಾಡಿನಿಂದ ಬೆಳಕು ಹರಿಯುವ ಮುನ್ನ ಬಸ್ಸು ಹಿಡಿದು ಕಾಲೇಜಿಗೆ ಬರುವ ಹುಡುಗಿಯ ತಲೆಯ ಮೇಲೆ ಪ್ರವೇಶ ಪರೀಕ್ಷೆಗಳ ಭಾರ ಎಷ್ಟಿದೆಯೆಂಬುದು ಅಧ್ಯಾಪಕರಿಗೆ ಗೊತ್ತು. ಬಾನು ನೀಲಿಯೇಕೆಂಬುದು ಹತ್ತನೆಯ ತರಗತಿಯಲ್ಲಿ ಉಳಿದುಕೊಂಡಿದೆ ಎಂಬುದನ್ನೂ ಒಪ್ಪಬೇಕು. ಆದರೆ ಹತ್ತನೆಯ ತರಗತಿ ಹೇಳುವುದು ನೀಲಿ ಹೆಚ್ಚು ಚದರುತ್ತದೆ ಎಂಬಷ್ಟನ್ನೇ. ಎಷ್ಟು ಹೆಚ್ಚು ಎಂಬುದನ್ನು ಹೇಳುತ್ತಿದ್ದುದು ಹನ್ನೆರಡನೆಯದು. ಚದರಿಕೆಯು ತರಂಗಾಂತರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ಕೆಂಪಿನ ತರಂಗಾಂತರ ನೀಲಿಯದಕ್ಕಿಂತ ಸುಮಾರು 1.8 ಪಟ್ಟು ಆದುದರಿಂದ ನೀಲಿ ಹತ್ತು ಪಟ್ಟು ಮಿಕ್ಕಿ ಚದರುತ್ತದೆ. ಎರಡು ಸಾಲಿನ ಲೆಕ್ಕ. ಅಣುಗಳಿಂದ ಬೆಳಕು ಚದರುವ ಬಗೆಯನ್ನು ಕಲ್ಕತ್ತೆಯಲ್ಲಿ ಶೋಧಿಸಿ 1930ರ ನೊಬೆಲ್ ಪಡೆದು, 1933ರಲ್ಲಿ ಬೆಂಗಳೂರಿಗೆ ಬಂದು, ಕೊನೆಯವರೆಗೆ ಅಲ್ಲಿಯೇ ನೆಲೆಸಿದ ಸರ್ ಸಿ. ವಿ. ರಾಮನ್ನರ ಹೆಸರು ಬರುತ್ತಿದ್ದುದೂ ಆ ಭಾಗದಲ್ಲಿಯೇ, ಚದರಿಕೆಯಿಂದಾಗುವ ಧ್ರುವೀಕರಣದ ಪಾಠದಲ್ಲಿ. ಅದೂ ಹೋಯಿತು.

ಕ್ಷಯನಿಯಮದ ಸಂಗತಿ ಇನ್ನೂ ಗುರುತರವಾದುದು. ಕಾರಂತರ ಬಾಳಿನ ಕೊನೆಯ ದೊಡ್ಡ ಹೋರಾಟಕ್ಕೂ ಅದಕ್ಕೂ ನೇರವಾದ ನಂಟಿದೆ. ಉತ್ತರ ಕನ್ನಡದ ಕಾಳೀ ನದಿಯ ದಂಡೆಯ ಕೈಗಾದಲ್ಲಿ ಪರಮಾಣು ವಿದ್ಯುತ್ ಸ್ಥಾವರ ನಿರ್ಮಿಸಲು 1980ರ ದಶಕದಲ್ಲಿ ಸರಕಾರ ತೊಡಗಿತು. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ದುರಂತ ಜರುಗಿತು. ಕಾರಂತರು ಆ ವೇಳೆಗೆ ಪುತ್ತೂರನ್ನು ಬಿಟ್ಟು ಸಾಲಿಗ್ರಾಮದಲ್ಲಿ ನೆಲೆಸಿದ್ದರು. ವಯಸ್ಸು ಎಂಬತ್ತನ್ನು ದಾಟಿತ್ತು. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದ್ದ ಅವರು ಈಗ ಕೈಗಾದ ವಿರುದ್ಧ ಎದ್ದು ನಿಂತರು. 1989ರ ಲೋಕಸಭಾ ಚುನಾವಣೆಯಲ್ಲಿ ಎಂಬತ್ತೇಳರ ವಯಸ್ಸಿನಲ್ಲಿ ಆ ಕ್ಷೇತ್ರದಿಂದ ಸ್ಪರ್ಧಿಸಿದರು. ಸೋತರು. ಗೆಲ್ಲಲೆಂದು ನಿಂತವರಲ್ಲವಾದುದರಿಂದ ಸೋಲು ಅವರನ್ನು ಬಾಧಿಸಿದಂತೆ ಕಾಣಲಿಲ್ಲ.

ಅವರ ನಿಲುವು ಸರಿಯೋ ತಪ್ಪೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ನಿರ್ಮಾಣದ ಹಂತದಲ್ಲಿ, 1994ರ ಮೇ ತಿಂಗಳಲ್ಲಿ, ಮೊದಲ ಘಟಕದ ರಕ್ಷಾಗುಮ್ಮಟದ ಒಳಪದರ ಕಳಚಿಬಿದ್ದುದು ವಿರೋಧಿಗಳ ಆತಂಕಕ್ಕೆ ಪುಷ್ಟಿ ನೀಡಿತು. ಅದೇ ಮೊದಲ ಘಟಕವು 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಜಾಗತಿಕ ದಾಖಲೆ ಸ್ಥಾಪಿಸಿದುದು ಸ್ಥಾವರದ ಪರವಾದಿಗಳಿಗೆ ಹೆಮ್ಮೆಯ ವಿಷಯವಾಯಿತು. ಯಾವ ಪಕ್ಷವನ್ನು ಹಿಡಿಯುವವನಿಗೂ ಒಂದು ತಿಳಿವಳಿಕೆ ಅಗತ್ಯ. ವಿಕಿರಣ ಸೂಸುವ ವಸ್ತು ಎಷ್ಟು ಕಾಲ ಉಳಿಯುತ್ತದೆ? ಅಯೋಡಿನ್-131ರ ಅರ್ಧಾಯುಷ್ಯ ಸುಮಾರು 8 ದಿನ. ಸೀಸಿಯಮ್-137ರದು ಸುಮಾರು 30 ವರ್ಷ. ಪ್ಲುಟೋನಿಯಮ್-239ರದು 24,000 ವರ್ಷ. ಚೆರ್ನೋಬಿಲ್‌ನಿಂದ ಹರಡಿದ ಸೀಸಿಯಮ್ಮಿನಲ್ಲಿ ಅರ್ಧದಷ್ಟು 2016ರ ಹೊತ್ತಿಗೂ ಉಳಿದೇ ಇತ್ತು. 2046ರಲ್ಲಿ ಕಾಲುಭಾಗ ಉಳಿದಿರುತ್ತದೆ. ಅಯೋಡಿನ್ನಾದರೋ ಮೂರು ತಿಂಗಳಲ್ಲಿ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆಯಾಯಿತು. ಹೀಗೆ ಒಂದು ಅಪಾಯವನ್ನು ಇನ್ನೊಂದರಿಂದ ಬೇರ್ಪಡಿಸಿ ತೂಗುವ ತಕ್ಕಡಿಯೇ ಕ್ಷಯನಿಯಮ. ಅದನ್ನು ಅರಿಯದವನು ಕೈಗಾಕ್ಕೆ ಹೆದರಿದರೂ ಕುರುಡು, ಕೈಗಾವನ್ನು ನಂಬಿದರೂ ಕುರುಡು. ನಾಲ್ಕು ಘಟಕಗಳಿಂದ 880 ಮೆಗಾವಾಟ್ ಸಾಮರ್ಥ್ಯದ ಪರಮಾಣು ಸ್ಥಾವರವನ್ನು ತನ್ನ ಕರಾವಳಿಯ ಬೆನ್ನಿಗೆ ಇಟ್ಟುಕೊಂಡಿರುವ ರಾಜ್ಯದಲ್ಲಿ, ಆ ನಿಯಮವೂ ಸ್ಥಾವರ ನಡೆಯುವ ಬಗೆಯೂ ಒಟ್ಟಿಗೆ ಪಠ್ಯದಿಂದ ಹೋಗಿವೆ.

ಕಾರಂತರು ಬದುಕಿದ್ದರೆ ಪಠ್ಯಸಮಿತಿಗಳೊಡನೆ ಜಗಳವಾಡುತ್ತಿದ್ದರೋ ಏನೋ, ಅದನ್ನು ಊಹಿಸಿ ಪ್ರಯೋಜನವಿಲ್ಲ. ಅವರು ಮಾಡಿದ್ದು ಬೇರೆಯದು. ಶಾಲೆ ಕೊಡದುದನ್ನು ಕೊಡಬೇಕೆಂದು ಅವರು ಯಾರಿಗೂ ಅರ್ಜಿ ಬರೆಯುತ್ತ ಕುಳಿತಿರಲಿಲ್ಲ. ತಾವೇ ಬರೆದು ಹಂಚಿದರು. ಬಾಲವನದ ಪ್ರಯೋಗಗಳಲ್ಲಿ ಆಟವೂ ಪಾಠವೂ ಬೇರೆಯಾಗಿರಲಿಲ್ಲ. ಆ ಪ್ರಯೋಗ ಒಂದು ದೊಡ್ಡ ಸಂಸ್ಥೆಯಾಗಿ ಬೆಳೆಯಲಿಲ್ಲವೆಂಬುದು ನಿಜ. ಸಂಸ್ಥೆ ಕಟ್ಟುವ ತಾಳ್ಮೆ ಆ ಸ್ವಭಾವಕ್ಕೆ ಇರಲಿಲ್ಲವೆಂದು ಹೇಳಿದರೆ ಅವರ ಅಭಿಮಾನಿಗಳು ಮುನಿಯಬಾರದು. ಮಠಗಳೂ ದಾನಿಗಳೂ ತಲೆಮಾರುಗಳ ಕಾಲ ಹೊತ್ತು ನಡೆಸುವ ಶಾಲೆಯ ಕೆಲಸ ಒಂದು ಬಗೆಯದು. ಒಬ್ಬ ಮನುಷ್ಯ ತನ್ನ ಮೇಜಿನ ಮುಂದೆ ಕುಳಿತು ಮಾಡುವ ಕೆಲಸ ಇನ್ನೊಂದು ಬಗೆಯದು. ಮೊದಲನೆಯದು ಎರಡನೆಯದನ್ನು ತನ್ನ ಗ್ರಂಥಭಂಡಾರದಲ್ಲಿ ಇರಿಸಿಕೊಳ್ಳಬಲ್ಲದು. ಪಠ್ಯದಿಂದ ಬಿಟ್ಟುಹೋದ ಹತ್ತು ವಿಷಯಗಳನ್ನು ವಾರಕ್ಕೊಂದರಂತೆ, ಅಂಕದ ಮಾತಿಲ್ಲದೆ, ಕನ್ನಡದಲ್ಲಿ ಹೇಳಲು ಒಂದು ಶೈಕ್ಷಣಿಕ ವರ್ಷದ ಕಾಲುಭಾಗ ಧಾರಾಳವಾಗಿ ಸಾಕು.

ಇಳಿವಯಸ್ಸಿನಲ್ಲೂ ಕಾರಂತರ ಲೇಖನಿ ನಿಲ್ಲಲಿಲ್ಲ. ಹಕ್ಕಿಗಳ ಲೋಕದ ಬಗೆಗೆ ಅವರು ಬರೆದುದು ಆ ಕಾಲದಲ್ಲಿಯೇ. 1997ರ ಡಿಸೆಂಬರ್ 9ರಂದು, ತೊಂಬತ್ತೈದರ ವಯಸ್ಸಿನಲ್ಲಿ, ಮಣಿಪಾಲದಲ್ಲಿ ಅವರು ತೀರಿಕೊಂಡರು. ಕೈಗಾದ ಮೊದಲ ಎರಡು ಘಟಕಗಳು ವಾಣಿಜ್ಯ ಉತ್ಪಾದನೆಗೆ ತೊಡಗಿದುದು 2000ದಲ್ಲಿ. ಪರ್ಲಡ್ಕದ ಬಾಲವನ ಅವರ ಸ್ಮಾರಕವಾಗಿ ಉಳಿದಿದೆ.